ಮಳೆಯ ಲೆಕ್ಕ, ಊರಿನ ರಕ್ಷೆ

ರಾಜ್ಯೋತ್ಸವದ ದಿನ ಬರುವ ಹೊತ್ತಿಗೆ ಲೋಣಾವಳಾದ ಬೆಟ್ಟಗಳ ಮೇಲಿನ ಮೋಡ ಹರಿದು ಬಿಸಿಲು ಬಿದ್ದಿರುತ್ತದೆ. ನಾಲ್ಕು ತಿಂಗಳು ಗೋಡೆ ಹಿಡಿದಿದ್ದ ಹಸಿ ಆರಿ, ಪೆಟ್ಟಿಗೆಯೊಳಗಿನ ರೇಶಿಮೆ ಬಟ್ಟೆಗಳನ್ನು ಬಿಸಿಲಿಗೆ ಹರವುವ ಕಾಲವದು. ತಾಯಿ ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ಮಕ್ಕಳ ಬಾಯಿಂದ ಕನ್ನಡ ಪದ್ಯ ಕೇಳಿ ಹಿಗ್ಗುವ ಈ ಗಳಿಗೆಯಲ್ಲಿ, ಈಗತಾನೇ ಬಿಟ್ಟುಹೋದ ಮಳೆಯ ಮಾತನ್ನೆತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಘಟ್ಟದ ನೆತ್ತಿಯ ಮೇಲೆ ಮನೆ ಮಾಡಿರುವ ನಮಗೆ ಮಳೆಯೆಂಬುದು ನೆರೆಮನೆಯವನಿದ್ದಂತೆ. ಅವನ ಸ್ವಭಾವವನ್ನರಿಯದೆ ಇಲ್ಲಿ ಬಾಳುವೆ ಸಾಗದು.

ಲೋಣಾವಳಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸಾಧಾರಣವಾಗಿ ೪,೦೦೦ ಮಿಲಿಮೀಟರನ್ನು ಮೀರುತ್ತದೆ. ಇಲ್ಲಿಂದ ನಲವತ್ತು ಮೈಲಿ ಪೂರ್ವಕ್ಕಿರುವ ಪುಣೆಯಲ್ಲಿ ಅದು ೭೦೦ರ ಆಸುಪಾಸು. ಕಡಲಿನಿಂದ ಬಂದ ಮೋಡ ಘಟ್ಟಕ್ಕೆ ತಾಗಿ ಮೇಲೇರಿ ತಣ್ಣಗಾಗಿ ತನ್ನ ಹೊರೆಯನ್ನೆಲ್ಲ ಇಲ್ಲಿಯೇ ಇಳಿಸಿಬಿಡುತ್ತದೆ. ಹೀಗೆ ಬಿದ್ದ ನೀರು ಇಂದ್ರಾಯಣಿಯಾಗಿ, ಪವನೆಯಾಗಿ, ತೆಂಕಲ ಕಣಿವೆಗಳಲ್ಲಿ ಮುಳೆ ಮುಠೆಯರಾಗಿ ಬಯಲಿಗೆ ಹರಿಯುತ್ತದೆ. ಆದುದರಿಂದ ಬಯಲಿನ ಊರುಗಳ ಸುಖದುಃಖವೆಲ್ಲ ಘಟ್ಟದ ಮಳೆಯನ್ನು ಅವಲಂಬಿಸಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈಚಿನ ವರ್ಷಗಳಲ್ಲಿ ಒಂದು ಮಾತು ಎಲ್ಲೆಡೆ ಕೇಳಿಬರುತ್ತಿದೆ. ಹವೆ ಕಾಯುತ್ತಿದೆ, ಮಳೆ ತನ್ನ ಹಳೆಯ ಕ್ರಮ ಬಿಟ್ಟಿದೆ, ಇದನ್ನು ತಾಳಿಕೊಳ್ಳುವಂತೆ ನಗರಗಳನ್ನು ಸಜ್ಜುಗೊಳಿಸಬೇಕಾದರೆ ವಿಶ್ವವಿದ್ಯಾನಿಲಯಗಳೂ ನಗರಸಭೆಗಳೂ ಕೂಡಿ ದುಡಿಯಬೇಕು ಎಂಬುದೇ ಆ ಮಾತು. ಇದು ಹೊಸ ವಿಚಾರವೆಂದು ಅನೇಕರು ಭಾವಿಸಿದ್ದಾರೆ. ಮಾತು ಹೊಸದಿರಬಹುದು, ವಸ್ತು ಹಳೆಯದು. ಅದರ ಬೇರುಗಳಲ್ಲೊಂದು ನಮ್ಮ ಈ ಘಟ್ಟದಲ್ಲಿಯೇ ಇದೆ, ಅದನ್ನು ನೀರೆರೆದು ಬೆಳೆಸಿದವರಲ್ಲಿ ಒಬ್ಬ ಕನ್ನಡಿಗನಿದ್ದಾನೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಥೆ ರೈಲು ಹಾದಿಯಿಂದ ಮೊದಲಾಗುತ್ತದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಇಂಜಿನಿಯರಾಗಿದ್ದ ಜೇಮ್ಸ್ ಜಾನ್ ಬರ್ಕ್ಲಿ ಎಂಬವರು ಮುಂಬಯಿಯಿಂದ ಪುಣೆಗೆ ಹಾದಿ ತರಲು ಬೋರಘಾಟವನ್ನು ಇಂಚಿಂಚಾಗಿ ಅಳೆದರು. ೧೮೫೬ರಲ್ಲಿ ಕೆಲಸ ಹೂಡಿತು. ಹದಿನೈದು ಮೈಲಿಗಿಂತ ತುಸು ಹೆಚ್ಚಿನ ದೂರದಲ್ಲಿ ೧,೮೩೧ ಅಡಿ ಎತ್ತರವನ್ನೇರಬೇಕು. ಅದಕ್ಕಾಗಿ ಕೊರೆದ ಸುರಂಗಗಳು ಇಪ್ಪತ್ತೈದು. ಮಳೆಗಾಲ ಬಂದರೆ ಕೆಲಸ ನಿಲ್ಲಬೇಕು, ಬೇಸಗೆ ಬಂದರೆ ವಾಂತಿಭೇದಿಯ ಬೇನೆ. ಎಲ್ಲೆಲ್ಲಿಂದಲೋ ಹೊಟ್ಟೆಪಾಡಿಗಾಗಿ ಬಂದಿದ್ದ ಹತ್ತಾರು ಸಾವಿರ ಕೂಲಿಕಾರರಲ್ಲಿ ಸಾವಿರಾರು ಜನ ಈ ಬೆಟ್ಟದಲ್ಲಿಯೇ ಮಣ್ಣಾದರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ೧೮೬೩ರಲ್ಲಿ ಹಾದಿ ತೆರೆಯಿತು. ಬರ್ಕ್ಲಿಯವರು ಅದನ್ನು ಕಣ್ಣಾರೆ ಕಾಣಲಿಲ್ಲ. ಅದಕ್ಕೊಂದು ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಸ್ಮರಣಾರ್ಥವಾಗಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪತ್ಯಶಾಸ್ತ್ರದ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದವನಿಗೆ ಒಂದು ಬಹುಮಾನವನ್ನು ಏರ್ಪಡಿಸಲಾಯಿತು.

ಇದೇ ಕಾಲಕ್ಕೆ ಪುಣೆಯಲ್ಲಿ ಮತ್ತೊಂದು ಕೆಲಸ ನಡೆದಿತ್ತು. ಸರಕಾರಕ್ಕೆ ರಸ್ತೆ, ಕಾಲುವೆ, ಅಣೆಕಟ್ಟುಗಳನ್ನು ಕಟ್ಟಿಸಲು ಕಲಿತ ಕೈಗಳು ಬೇಕಾಗಿದ್ದವು. ಅದಕ್ಕೆಂದು ೧೮೫೪ರಲ್ಲಿ ಒಂದು ಚಿಕ್ಕ ಇಂಜಿನಿಯರಿಂಗ್ ಶಾಲೆ ಹುಟ್ಟಿ, ೧೮೬೬ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಮುಂದೆ ಅದಕ್ಕೆ ಸಾಯನ್ಸ್ ಕಾಲೇಜೆಂಬ ಹೆಸರಾಯಿತು. ಇಂದು ಸಿ.ಒ.ಇ.ಪಿ. ತಂತ್ರಜ್ಞಾನ ವಿಶ್ವವಿದ್ಯಾನಿಲಯವೆಂದು ಮೆರೆಯುತ್ತಿರುವ ಸಂಸ್ಥೆ ಇದುವೇ. ಊರಿನ ನೀರು ನೆರಳಿನ ಅಗತ್ಯಕ್ಕಾಗಿಯೇ ಹುಟ್ಟಿದ ವಿದ್ಯಾಶಾಲೆಯಿದು ಎಂಬುದನ್ನು ಗಮನಿಸಬೇಕು. ನಗರಕ್ಕೂ ವಿದ್ಯೆಗೂ ಅಲ್ಲಿ ಮೊದಲಿನಿಂದಲೂ ಗಂಟುಬಿದ್ದಿತ್ತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮುದ್ದೇನಹಳ್ಳಿಯ ಬಡ ಹುಡುಗನೊಬ್ಬ ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಈ ಕಾಲೇಜಿಗೆ ಬಂದ. ೧೮೮೩ರಲ್ಲಿ ಪರೀಕ್ಷೆಯಲ್ಲಿ ಮೊದಲಿಗನಾಗಿ ನಿಂತು ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಗಳಿಸಿದ. ಆ ಹುಡುಗನೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ನಮ್ಮ ಮನೆಬಾಗಿಲಿನ ಘಟ್ಟದಲ್ಲಿ ಹಾದಿ ಕಡಿಸಿದ ಇಂಜಿನಿಯರನ ಹೆಸರಿನ ಬಹುಮಾನ, ಹೊಟ್ಟೆಪಾಡಿಗೂ ವಿದ್ಯೆಗೂ ಪರನಾಡಿಗೆ ಬಂದ ಒಬ್ಬ ಕನ್ನಡ ಹುಡುಗನ ಕೈಸೇರಿತು. ನಮ್ಮಲ್ಲಿ ಬಹುಮಂದಿ ದಿನವೂ ಆ ಸುರಂಗಗಳನ್ನು ಹಾದುಹೋಗುವವರೇ; ಆದರೆ ಈ ಸಂಬಂಧವನ್ನು ನೆನೆದವರು ಕಡಿಮೆ.

ವಿಶ್ವೇಶ್ವರಯ್ಯನವರು ೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಎರಡು ದಶಕಗಳಿಗೂ ಮಿಕ್ಕಿ ಅಲ್ಲಿ ದುಡಿದರು. ಪುಣೆಗೆ ಕುಡಿಯುವ ನೀರನ್ನೂ ಕಾಲುವೆಗಳಿಗೆ ನೀರಾವರಿಯನ್ನೂ ಕೊಡುತ್ತಿದ್ದುದು ಮುಠಾ ನದಿಗೆ ಖಡಕವಾಸಲಾದಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು. ಮಳೆಗಾಲದಲ್ಲಿ ಅದರ ಕೋಡಿಯ ಮೇಲೆ ಆಳುದ್ದ ನೀರು ಹರಿದು ವ್ಯರ್ಥವಾಗುತ್ತಿತ್ತು. ಬೇಸಗೆಯಲ್ಲಿ ಊರಿಗೆ ನೀರು ಸಾಲುತ್ತಿರಲಿಲ್ಲ. ಅಣೆಕಟ್ಟನ್ನು ಎತ್ತರಿಸಿದರೆ ನೆರೆಯ ಕಾಲಕ್ಕೆ ಗೋಡೆಗೆ ಭಾರ ಹೆಚ್ಚುವ ಭಯ. ಆಗ ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವೇ ಯೋಚಿಸಿದ ಒಂದು ಬಗೆಯ ಬಾಗಿಲುಗಳನ್ನು ೧೯೦೩ರಲ್ಲಿ ಹಚ್ಚಿಸಿದರು. ನೀರು ಗೊತ್ತುಮಾಡಿದ ಮಟ್ಟವನ್ನು ಮುಟ್ಟುವವರೆಗೆ ಅವು ಮುಚ್ಚಿರುವುವು. ಮೀರಿದೊಡನೆ ತಾವಾಗಿಯೇ ತೆರೆದು ಹೆಚ್ಚಿನ ನೀರನ್ನು ಹೊರಗೆ ಬಿಡುವುವು. ಮಟ್ಟ ಇಳಿದರೆ ತಾವಾಗಿಯೇ ಮುಚ್ಚಿಕೊಳ್ಳುವುವು. ನಡುರಾತ್ರಿಯ ಮಳೆಯಲ್ಲಿ ಕಾವಲುಗಾರ ಓಡಿಬಂದು ಬಾಗಿಲೆತ್ತಬೇಕಾದ ಪ್ರಮೇಯವೇ ಇಲ್ಲ. ಇದೇ ಬಾಗಿಲು ಮುಂದೆ ಗ್ವಾಲಿಯರಿನ ತಿಗ್ರಾದಲ್ಲಿಯೂ ನಮ್ಮ ಕನ್ನಂಬಾಡಿಯಲ್ಲಿಯೂ ಬಳಕೆಗೆ ಬಂದಿತು.

ಈ ಬಾಗಿಲಿನ ಗುಟ್ಟು ಕಬ್ಬಿಣದಲ್ಲಿಲ್ಲ, ಲೆಕ್ಕದಲ್ಲಿದೆ. ಯಾವ ತಿಂಗಳಲ್ಲಿ ಎಷ್ಟು ಮಳೆ, ಹೊಳೆಯಲ್ಲಿ ಎಷ್ಟು ನೀರು, ಗೋಡೆ ತಾಳುವ ಭಾರವೆಷ್ಟು ಎಂಬುದನ್ನು ವರ್ಷಗಟ್ಟಲೆ ಬರೆದಿಟ್ಟ ಪುಸ್ತಕಗಳಿಲ್ಲದಿದ್ದರೆ ಮಟ್ಟವನ್ನು ಗೊತ್ತುಮಾಡುವವರಾರು? ಕಾಲೇಜಿನಲ್ಲಿ ಕಲಿತ ಗಣಿತ, ಇಲಾಖೆಯಲ್ಲಿ ಬರೆದಿಟ್ಟ ಅಳತೆ, ಊರಿನವರ ಬಾಯಾರಿಕೆ, ಈ ಮೂರೂ ಒಂದೆಡೆ ಕೂಡಿದಾಗ ಆ ಬಾಗಿಲು ಹುಟ್ಟಿತು.

ಲೆಕ್ಕದ ಮಹಿಮೆ ಇನ್ನೂ ಸ್ಪಷ್ಟವಾಗಿ ಕಂಡುದು ಹೈದರಾಬಾದಿನಲ್ಲಿ. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ಆ ನಗರವನ್ನು ನುಂಗಿತು. ಸತ್ತವರು ಸುಮಾರು ೧೫ ಸಾವಿರವೆಂದು ಸಾಮಾನ್ಯ ಅಂದಾಜು. ಮರುವರ್ಷ ನಿಜಾಮ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರು ಮೊದಲು ಗೋಡೆ ಕಟ್ಟಿಸಹೋಗಲಿಲ್ಲ. ನದಿಯ ಮೇಲಣ ಸೀಮೆಯೆಲ್ಲವನ್ನೂ ಶೋಧಿಸಿ, ಎಲ್ಲಿ ಎಷ್ಟು ಮಳೆ ಬಿದ್ದಿತೆಂಬುದನ್ನು ಕೂಡಿಹಾಕಿದರು. ಶಂಷಾಬಾದಿನಲ್ಲಿ ಇಪ್ಪತ್ನಾಲ್ಕು ಗಂಟೆಗಳಲ್ಲಿ ೧೨.೮ ಇಂಚು ಮಳೆಯಾಗಿತ್ತು. ಮೇಲ್ಗಡೆಯ ಸೀಮೆಯಲ್ಲಿ ೭೮೮ ಕೆರೆಗಳಿದ್ದವು; ಅವುಗಳಲ್ಲಿ ೨೨೧ ಒಡೆದಿದ್ದವು. ಒಂದು ಕೆರೆಯ ಏರಿ ಹರಿದು ಅದರ ನೀರು ಕೆಳಗಿನ ಕೆರೆಯ ಮೇಲೆ ಬಿದ್ದು, ಅದೂ ಹರಿದು, ಹೀಗೆ ಸಾಲು ಸಾಲಾಗಿ ಒಡೆದ ನೀರೆಲ್ಲ ಊರಿನ ಮೇಲೆ ಬಂದುಬಿದ್ದಿತ್ತು. ರೋಗದ ಮೂಲ ಊರಿನಲ್ಲಿಲ್ಲ, ಊರಿನ ಮೇಲ್ಗಡೆಯಲ್ಲಿದೆ ಎಂದು ತಿಳಿದ ಮೇಲೆ ಔಷಧವೂ ಅಲ್ಲಿಯೇ ಸಿಕ್ಕಿತು. ಅವರ ಯೋಜನೆಯಂತೆ ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಪೂರ್ಣವಾದವು. ಅವು ನೆರೆಯನ್ನು ತಡೆದುದಲ್ಲದೆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಒಬ್ಬ ಇಂಜಿನಿಯರನು ಊರೂರಿಗೆ ಹೋಗಿ ಬಿದ್ದ ಮನೆ ಎತ್ತುವುದರಿಂದ ನಾಡು ಉಳಿಯದು. ಇಂಥವರನ್ನು ಸಾಲುಸಾಲಾಗಿ ಸಿದ್ಧಗೊಳಿಸುವ ವಿದ್ಯಾಸ್ಥಾನಗಳು ನಾಡಿನಲ್ಲಿಯೇ ಬೇಕು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಹುಟ್ಟಿದವು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬಿಜಾಪುರ, ಬೆಳಗಾವಿ ಸೀಮೆಯ ಹುಡುಗರಿಗೆ ಮಾತ್ರ ಉನ್ನತ ವಿದ್ಯೆಯೆಂದರೆ ಬಹುಕಾಲ ಪುಣೆ ಮುಂಬಯಿಗಳೇ ಗತಿಯಾಗಿದ್ದವು. ವರಕವಿ ಬೇಂದ್ರೆಯವರು ಓದಿದುದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಕರ್ನಾಟಕ ವಿಶ್ವವಿದ್ಯಾನಿಲಯವೂ ಪುಣೆ ವಿದ್ಯಾಪೀಠವೂ ೧೯೪೯ರಲ್ಲಿ ಒಂದೇ ವರ್ಷದ ಕೂಸುಗಳಾಗಿ ಬಂದವು. ನಮ್ಮ ಹಿರಿಯರು ಈ ಊರುಗಳಿಗೆ ಅನ್ನಕ್ಕಾಗಿ ಬಂದಂತೆ ಅಕ್ಷರಕ್ಕಾಗಿಯೂ ಬಂದರು ಎಂಬುದನ್ನು ಮರೆಯಬಾರದು.

ಇಲ್ಲಿ ಲೋಣಾವಳಾಕ್ಕೂ ಬೆಂಗಳೂರಿಗೂ ಇರುವ ಇನ್ನೊಂದು ನಂಟನ್ನು ಹೇಳಬೇಕು. ಜಮಶೇಟ್‌ಜಿ ಟಾಟಾ ಅವರ ಮನಸ್ಸಿನಲ್ಲಿ ಎರಡು ಕನಸುಗಳಿದ್ದವು. ಒಂದು, ದೇಶದಲ್ಲಿ ಉಚ್ಚ ವಿಜ್ಞಾನದ ಮಂದಿರವೊಂದನ್ನು ಕಟ್ಟುವುದು. ಮತ್ತೊಂದು, ಘಟ್ಟದ ಮೇಲೆ ಬೀಳುವ ಮಳೆಯನ್ನು ಹಿಡಿದು ವಿದ್ಯುಚ್ಛಕ್ತಿ ಮಾಡಿ ಮುಂಬಯಿಯ ಗಿರಣಿಗಳಿಗೆ ಒಯ್ಯುವುದು. ೧೯೦೪ರಲ್ಲಿ ಅವರು ತೀರಿಕೊಂಡಾಗ ಎರಡೂ ಕನಸಾಗಿಯೇ ಇದ್ದವು. ಮೈಸೂರು ಅರಸರು ಸುಮಾರು ೩೭೦ ಎಕರೆ ಭೂಮಿಯನ್ನಿತ್ತುದರಿಂದ ಮೊದಲನೆಯದು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಾಗಿ, ೧೯೦೯ರಲ್ಲಿ ಅಸ್ತಿತ್ವಕ್ಕೆ ಬಂದಿತು. ಅದರ ಕಟ್ಟಡಕ್ಕೂ, ಲೋಣಾವಳಾದ ವಳವಣ ಅಣೆಕಟ್ಟಿಗೂ ಅಡಿಗಲ್ಲು ಬಿದ್ದುದು ೧೯೧೧ನೆಯ ಇಸವಿಯ ಫೆಬ್ರುವರಿ ತಿಂಗಳೊಂದರಲ್ಲಿಯೇ! ೧೯೧೫ರಲ್ಲಿ ಲೋಣಾವಳಾ, ವಳವಣ, ಶಿರವತಾ ಕೆರೆಗಳ ನೀರು ಘಟ್ಟದ ಬುಡದ ಖೋಪೋಲಿಗೆ ಧುಮುಕಿ ಯಂತ್ರಗಳನ್ನು ತಿರುಗಿಸಿತು. ಹೀಗೆ ನಮ್ಮೂರಿನ ಮಳೆಯೂ ಬೆಂಗಳೂರಿನ ವಿದ್ಯಾಮಂದಿರವೂ ಒಬ್ಬನೇ ಪುರುಷನ ಸಂಕಲ್ಪದಿಂದ ಹುಟ್ಟಿದ ಅವಳಿ ಮಕ್ಕಳು.

ಪುಣೆಯೂ ಕಾಲಕ್ರಮದಲ್ಲಿ ಮಳೆಯ ವಿದ್ಯೆಗೆ ರಾಜಧಾನಿಯಾಯಿತು. ೧೯೧೬ರಲ್ಲಿ ಮುಂಬಯಿ ಸರಕಾರ ನೀರಾವರಿಯ ಸಂಶೋಧನೆಗೆಂದು ತೆರೆದ ಒಂದು ವಿಭಾಗವು ಮುಂದೆ ಖಡಕವಾಸಲಾದಲ್ಲಿ ನೆಲೆನಿಂತು, ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಾಗಿ ಬೆಳೆಯಿತು. ನದಿ, ಬಂದರು, ಅಣೆಕಟ್ಟುಗಳ ಚಿಕ್ಕ ಮಾದರಿಗಳನ್ನು ಮಾಡಿ ನೀರು ಬಿಟ್ಟು ಪರೀಕ್ಷಿಸುವ ಕೆಲಸ ಅಲ್ಲಿ ಇಂದಿಗೂ ನಡೆದಿದೆ. ೧೯೨೮ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲೆಯಿಂದ ಪುಣೆಗೆ ಇಳಿಯಿತು. ೧೯೪೪ರಲ್ಲಿ ಮುಖ್ಯ ಕಚೇರಿ ದಿಲ್ಲಿಗೆ ಹೋದರೂ ಹವಾಮಾನ ಸಂಶೋಧನೆಯ ದೊಡ್ಡ ಕಚೇರಿ ಪುಣೆಯಲ್ಲಿಯೇ ಉಳಿಯಿತು.

ಇಷ್ಟೆಲ್ಲ ವಿದ್ಯೆಯಿದ್ದ ಊರಿಗೆ ೧೯೬೧ರ ಜುಲೈ ೧೨ರಂದು ಏನಾಯಿತೆಂಬುದನ್ನು ಪುಣೆಯ ಹಳೆಯ ಮನೆತನಗಳು ಇನ್ನೂ ಮರೆತಿಲ್ಲ. ಖಡಕವಾಸಲಾದ ಮೇಲ್ಗಡೆ ಪಾನಶೇತದಲ್ಲಿ ಮಣ್ಣಿನ ಅಣೆಕಟ್ಟೊಂದು ಏಳುತ್ತಿತ್ತು. ಕೆಲಸ ಪೂರ್ಣವಾಗುವ ಮುನ್ನವೇ ಮಳೆಗಾಲದ ನೀರು ತುಂಬಿಕೊಂಡಿತು. ನೀರನ್ನು ಹೊರಗೆ ಬಿಡುವ ಮಾರ್ಗ ಮುಗಿದಿರಲಿಲ್ಲ. ಬೆಳಗಿನಲ್ಲಿ ಅದು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಬಿರಿಯಿತು. ಮುಠಾ ನದಿಯ ದಂಡೆಯ ಪೇಟೆಗಳೆಲ್ಲ ಮುಳುಗಿದವು; ಸಾವಿರಾರು ಮನೆಗಳು ನೆಲಸಮವಾದವು. ಊರಿನ ತುಂಬ ನೀರು, ಆದರೆ ಕುಡಿಯಲು ಒಂದು ತಂಬಿಗೆ ನೀರಿಲ್ಲ. ಏಕೆಂದರೆ ನೀರು ಕೊಡುತ್ತಿದ್ದ ಕೆರೆಯೇ ಬರಿದಾಗಿತ್ತು. ಬೆಂಗಳೂರಿನಲ್ಲಿ ಅಂದು ವಿಶ್ವೇಶ್ವರಯ್ಯನವರು ನೂರು ವರ್ಷದ ಗಡಿಯಲ್ಲಿದ್ದರು. ನಡುವಯಸ್ಸಿನಲ್ಲಿ ತಾವು ಬಾಗಿಲು ಹಚ್ಚಿಸಿದ ಅಣೆಕಟ್ಟು ತಮ್ಮ ಜೀವಿತದಲ್ಲಿಯೇ ಒಡೆದುದನ್ನು ಕಂಡು, ಮರುವರ್ಷದ ಏಪ್ರಿಲಿನಲ್ಲಿ ಅವರು ಕಣ್ಮುಚ್ಚಿದರು.

ಪಾನಶೇತದ ಪಾಠವೇನು? ವಿದ್ಯೆ ಇರಲಿಲ್ಲವೆಂದಲ್ಲ. ಮಳೆಯನ್ನಳೆಯುವವರು ಶಿವಾಜಿನಗರದಲ್ಲಿದ್ದರು, ನೀರನ್ನಳೆಯುವವರು ಖಡಕವಾಸಲಾದಲ್ಲಿಯೇ ಇದ್ದರು. ಆದರೂ ಅಪಾಯದ ಸುದ್ದಿ ಎಷ್ಟೋ ಮನೆಗಳಿಗೆ ನೀರಿಗಿಂತ ಮೊದಲು ಮುಟ್ಟಲಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವೇನು? ಪ್ರಯೋಗಶಾಲೆಯಿಂದ ಮನೆಯ ಹೊಸ್ತಿಲವರೆಗೆ ಹಾದಿಯಿಲ್ಲದಿದ್ದರೆ, ಎಷ್ಟು ದೊಡ್ಡ ವಿದ್ಯೆಯೂ ಹೊಸ್ತಿಲನ್ನು ಕಾಯಲಾರದು.

ಮುಂದಿನ ವರ್ಷ, ೧೯೬೨ರಲ್ಲಿ, ಪುಣೆಯಲ್ಲಿ ಉಷ್ಣವಲಯದ ಹವಾಮಾನವನ್ನೇ ವ್ಯಾಸಂಗ ಮಾಡುವ ಸಂಸ್ಥೆಯೊಂದು ಸ್ಥಾಪಿತವಾಯಿತು. ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯೆಂದು ಇಂದು ಲೋಕಪ್ರಸಿದ್ಧವಾಗಿರುವುದು ಅದೇ. ಅಲ್ಲಿನ ವಿಜ್ಞಾನಿಗಳು ಇತರರೊಡಗೂಡಿ ೨೦೧೭ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆ ಎಲ್ಲರೂ ತಿಳಿಯತಕ್ಕದ್ದು. ೧೯೫೦ರಿಂದ ೨೦೧೫ರವರೆಗಿನ ಮಳೆಯ ಲೆಕ್ಕವನ್ನು ತೆಗೆದುನೋಡಿದರೆ, ಮಧ್ಯ ಭಾರತದಲ್ಲಿ ವಿಸ್ತಾರವಾದ ಸೀಮೆಯ ಮೇಲೆ ಒಮ್ಮೆಗೇ ಸುರಿಯುವ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ. ಅರಬ್ಬೀ ಸಮುದ್ರದಿಂದ ಬರುವ ತೇವವೇ ಇದಕ್ಕೆ ಮುಖ್ಯ ಕಾರಣವೆಂದು ಅವರು ತೋರಿಸಿದ್ದಾರೆ. ಹವೆ ಒಂದು ಡಿಗ್ರಿ ಸೆಂಟಿಗ್ರೇಡ್ ಕಾಯ್ದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ತೇವವನ್ನು ಹಿಡಿಯಬಲ್ಲುದು. ದೊಡ್ಡ ಚೀಲ ತುಂಬಲು ಹೆಚ್ಚು ಹೊತ್ತು ಬೇಕು, ಬಿಚ್ಚಿದರೆ ಸುರಿಯುವುದೂ ಹೆಚ್ಚು. ಮಳೆಯ ನಡುವೆ ಬಿಡುವು ಉದ್ದವಾಗಿ, ಬಂದ ಮಳೆ ಬಿರುಸಾಗುವುದಕ್ಕೆ ಇದೇ ಕಾರಣ. ನಮ್ಮ ಹಿರಿಯರು ಅಳೆದಿಟ್ಟ ಮಟ್ಟಗಳನ್ನೇ ನಂಬಿ ಕೂಡುವ ಕಾಲ ಕಳೆಯಿತು. ಮತ್ತೆ ಅಳೆಯಬೇಕು, ಮತ್ತೆ ಮಟ್ಟ ಗೊತ್ತುಮಾಡಬೇಕು.

ವಿದ್ಯೆಯೂ ನಗರವೂ ಕೈಗೂಡಿಸಿದ ನಿದರ್ಶನಗಳು ಈಚೆಗೆ ದೇಶದಲ್ಲಿ ಕಾಣತೊಡಗಿವೆ. ೨೦೧೦ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಲು ೪೬.೮ ಡಿಗ್ರಿಗೇರಿದಾಗ, ಆ ತಿಂಗಳು ವಾಡಿಕೆಗಿಂತ ೧,೩೪೪ ಮಂದಿ ಹೆಚ್ಚು ಸತ್ತರೆಂದು ಅನಂತರ ಲೆಕ್ಕದಿಂದ ತಿಳಿಯಿತು. ಅಲ್ಲಿನ ನಗರಪಾಲಿಕೆ ಗಾಂಧೀನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯನ್ನೂ ಅಮೆರಿಕೆಯ ವಿದ್ವಾಂಸರನ್ನೂ ಕೂಡಿಕೊಂಡು ೨೦೧೩ರಲ್ಲಿ ಬಿಸಿಲಿನ ವಿರುದ್ಧ ಒಂದು ಕಾರ್ಯಯೋಜನೆ ಮಾಡಿತು. ಮುನ್ಸೂಚನೆ ಬಂದೊಡನೆ ಆಸ್ಪತ್ರೆಗಳಿಗೆ ತಿಳಿಸುವುದು, ಕೂಲಿಕಾರರಿಗೆ ಮಧ್ಯಾಹ್ನ ಬಿಡುವು, ಅಲ್ಲಲ್ಲಿ ಅರವಟ್ಟಿಗೆ, ಹೀಗೆ ಸರಳವಾದ ಕ್ರಮಗಳು. ಇದರಿಂದ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಮಿಕ್ಕ ಜೀವಗಳು ಉಳಿದವೆಂದು ೨೦೧೮ರ ಅಧ್ಯಯನವೊಂದು ಅಂದಾಜುಮಾಡಿದೆ. ಅರವಟ್ಟಿಗೆ ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಯಾವ ದಿನ ಇಡಬೇಕೆಂಬುದನ್ನು ಲೆಕ್ಕ ಹೇಳಿಕೊಟ್ಟಿತು.

ನಮ್ಮ ಬೆಂಗಳೂರಿನ ಮಾತು ಬಂದರೆ ಹೆಮ್ಮೆಯೂ ವ್ಯಥೆಯೂ ಒಟ್ಟಿಗೆ ಬರುತ್ತವೆ. ಒಂದರ ಕೋಡಿ ಮತ್ತೊಂದಕ್ಕೆ ಹರಿಯುವಂತೆ ಸರಪಣಿಯಾಗಿ ಕಟ್ಟಿದ ಕೆರೆಗಳ ಊರದು. ಕೆರೆಯ ಅಂಗಳಗಳೂ ರಾಜಕಾಲುವೆಗಳೂ ಒತ್ತುವರಿಯಾಗುತ್ತಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ನಕ್ಷೆಗಳೊಡನೆ ವರ್ಷಗಟ್ಟಲೆ ಸಾರುತ್ತ ಬಂದರು. ಅದೇ ಸಂಸ್ಥೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದೊಡನೆ ಕೂಡಿ, ನಗರದಲ್ಲೆಲ್ಲ ಸ್ವಯಂಚಾಲಿತ ಮಳೆಮಾಪಕಗಳನ್ನೂ ಕಾಲುವೆಗಳಲ್ಲಿ ನೀರಿನ ಮಟ್ಟ ತಿಳಿಸುವ ಯಂತ್ರಗಳನ್ನೂ ಆಧಾರವಾಗಿಟ್ಟು, ಎಲ್ಲಿ ನೀರು ನಿಲ್ಲುವುದೆಂದು ಮೊದಲೇ ಹೇಳುವ ವ್ಯವಸ್ಥೆಯೊಂದನ್ನು ರೂಪಿಸಿತು. ೨೦೨೦ರಲ್ಲಿ ಅದು ಜನರ ಕೈಯಲ್ಲಿನ ಫೋನಿಗೆ ‘ಮೇಘ ಸಂದೇಶ’ ಎಂಬ ಹೆಸರಿನಿಂದ ಬಂದಿತು. ಹೀಗಿದ್ದೂ ೨೦೨೨ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ಮುಳುಗಿ, ಜನರನ್ನು ದೋಣಿ ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಸಂದೇಶ ಬಂದರೆ ಸಾಲದು. ನೀರಿಗೆ ಹೋಗಲು ಹಾದಿಯೂ ಇರಬೇಕು. ೨೦೨೩ರ ನವೆಂಬರಿನಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹವಾಮಾನ ಕ್ರಿಯಾಯೋಜನೆಯೊಂದನ್ನು ಹೊರತಂದಿತು. ಪುಸ್ತಕ ಸಿದ್ಧವಾಗಿದೆ, ಕಾಲುವೆ ಬಿಡಿಸುವ ಕೆಲಸ ಮಾತ್ರ ಪುಸ್ತಕದಿಂದಾಗುವುದಲ್ಲ.

ನಮ್ಮ ಸುತ್ತಣ ಸೀಮೆಯಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸದೆ ಇಲ್ಲ. ೨೦೧೯ರ ಸೆಪ್ಟೆಂಬರ್ ೨೫ರ ರಾತ್ರಿ ಪುಣೆಯ ಆಂಬಿಲ್ ಓಢಾ ಉಕ್ಕಿ, ಆ ನಗರದಲ್ಲಿಯೂ ಆಸುಪಾಸಿನಲ್ಲಿಯೂ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಓಢಾ ಎಂದರೆ ಹಳ್ಳ. ಹಳ್ಳದ ಜಾಗವನ್ನು ಮನೆ ಆಕ್ರಮಿಸಿದರೆ ಒಂದು ರಾತ್ರಿ ಹಳ್ಳ ಬಂದು ತನ್ನ ಜಾಗವನ್ನು ಕೇಳುತ್ತದೆ. ೨೦೨೩ರ ಜುಲೈ ೧೯ರ ರಾತ್ರಿ, ಇಲ್ಲಿಂದ ಘಟ್ಟವಿಳಿದರೆ ಸಿಗುವ ಖಾಲಾಪುರ ತಾಲೂಕಿನ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದು, ಮಲಗಿದ್ದವರು ಮಲಗಿದಂತೆಯೇ ಮಣ್ಣುಪಾಲಾದರು. ೨೦೨೪ರ ಜೂನ್ ೩೦ರಂದು ನಮ್ಮ ಭೂಶಿ ಒಡ್ಡಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು, ಮಕ್ಕಳ ಸಹಿತ, ಕೊಚ್ಚಿಹೋದರು. ಕಣ್ಣೆದುರು ನೀರು ತಿಳಿಯಾಗಿ ಸಣ್ಣದಾಗಿ ಹರಿಯುತ್ತಿದ್ದರೂ, ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆ ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯಬಹುದೆಂಬುದು ಊರಿನವರಿಗೆ ಗೊತ್ತು, ವಿಹಾರಕ್ಕೆ ಬಂದವರಿಗೆ ಗೊತ್ತಿಲ್ಲ. ಅದೇ ವರ್ಷ ಜುಲೈ ೨೫ರಂದು ಘಟ್ಟದ ಮಳೆಯೂ ಖಡಕವಾಸಲಾದಿಂದ ಬಿಟ್ಟ ನೀರೂ ಕೂಡಿ ಪುಣೆಯ ಸಿಂಹಗಡ ರಸ್ತೆಯ ಕಡೆಯ ಮನೆಗಳನ್ನು ನಸುಕಿನಲ್ಲಿ ಹೊಕ್ಕವು.

ಇಲ್ಲಿ ಒಂದು ವಿಷಯವನ್ನು ಕನ್ನಡ ಸಂಘದ ಬಂಧುಗಳ ಮುಂದೆ ವಿಶೇಷವಾಗಿ ಇಡಬೇಕೆನಿಸುತ್ತದೆ. ೨೦೧೯ರ ಜೂನ್ ತಿಂಗಳ ಕೊನೆಯಲ್ಲಿ ಪುಣೆಯ ಕೋಂಢ್ವಾದಲ್ಲಿ ಮಳೆಗೆ ಆವರಣದ ಗೋಡೆ ಕುಸಿದು, ಅದರ ಬುಡದ ಜೋಪಡಿಗಳಲ್ಲಿ ಮಲಗಿದ್ದ ಹದಿನೈದು ಜನ ಸತ್ತರು. ಅವರು ಬಿಹಾರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಕುಟುಂಬಗಳು. ನಮ್ಮ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳಿಂದಲೂ ಇದೇ ಕೆಲಸಕ್ಕೆ ಎಷ್ಟೋ ಕುಟುಂಬಗಳು ವರ್ಷವರ್ಷವೂ ಈ ಸೀಮೆಗೆ ಬರುತ್ತವೆ. ನಾಲೆಯ ದಂಡೆ, ಗೋಡೆಯ ಬುಡ, ಗುಡ್ಡದ ಇಳಿಜಾರು, ಇವೇ ಅವರಿಗೆ ಸಿಗುವ ತಾಣಗಳು. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟರೆ ಅದು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಪ್ರಕಟವಾಗುತ್ತದೆ. ಓದುಬರಹ ಬಾರದ, ಕನ್ನಡವೊಂದನ್ನೇ ಬಲ್ಲ ತಾಯಿಯೊಬ್ಬಳಿಗೆ ಅದನ್ನು ಮುಟ್ಟಿಸುವವರಾರು? ಪಾನಶೇತದ ದಿನ ಪ್ರಯೋಗಶಾಲೆಗೂ ಹೊಸ್ತಿಲಿಗೂ ನಡುವೆ ಕಡಿದುಹೋಗಿದ್ದ ಹಾದಿ ಇದೇ. ಕನ್ನಡ ನುಡಿಯ ಸೇವೆಯೆಂದರೆ ಸಭೆಯಲ್ಲಿ ಹಾಡುವುದಷ್ಟೇ ಅಲ್ಲ. ಅವಳಿಗೆ ಅವಳ ನುಡಿಯಲ್ಲಿ ‘ಇಂದು ರಾತ್ರಿ ಇಲ್ಲಿ ಮಲಗಬೇಡ ತಾಯಿ’ ಎಂದು ಹೇಳುವುದೂ ನುಡಿಸೇವೆಯೇ.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಎಚ್ಚರಿಕೆಯ ಭಾಷೆಯನ್ನು ಮೊದಲು ನಾವು ಕಲಿಯಬೇಕು. ದಿನವೊಂದಕ್ಕೆ ೬೪.೫ ಮಿಲಿಮೀಟರಿನಿಂದ ೧೧೫.೫ರವರೆಗೆ ಬಿದ್ದರೆ ಅದನ್ನು ಭಾರೀ ಮಳೆಯೆಂದೂ, ೧೧೫.೬ರಿಂದ ೨೦೪.೪ರವರೆಗೆ ಅತಿ ಭಾರೀ ಎಂದೂ, ಅದಕ್ಕೂ ಮೀರಿದರೆ ಅತ್ಯಂತ ಭಾರೀ ಎಂದೂ ಹವಾಮಾನ ಇಲಾಖೆ ಕರೆಯುತ್ತದೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ೨೦೦ ಮಿಲಿಮೀಟರ್ ಬಿದ್ದರೆ ಇಪ್ಪತ್ತು ಸಾವಿರ ಲೀಟರ್ ನೀರು ನಮ್ಮ ಅಂಗಳದಿಂದ ನೆರೆಯವರ ಅಂಗಳಕ್ಕೆ ಹೊರಡುತ್ತದೆ. ಈ ಲೆಕ್ಕವನ್ನು ಐದನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು.

ಮಕ್ಕಳ ಕೈಗೆ ಒಂದು ಮಳೆಮಾಪಕವನ್ನು ಕೊಡೋಣ. ನೇರವಾದ ಗೋಡೆಯ ಪಾತ್ರೆಯೊಂದನ್ನು ಮರ ಮಾಡುಗಳಿಂದ ದೂರ, ಬಯಲಿನಲ್ಲಿಟ್ಟು, ದಿನವೂ ಬೆಳಿಗ್ಗೆ ಎಂಟೂವರೆ ಗಂಟೆಗೆ, ಅಂದರೆ ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅದರಲ್ಲಿನ ನೀರನ್ನಳೆದು ಕನ್ನಡದಲ್ಲಿ ಬರೆದಿಡಲಿ. ಐದು ವರ್ಷ ಬರೆದರೆ ಅದೊಂದು ದಾಖಲೆ, ಇಪ್ಪತ್ತು ವರ್ಷ ಬರೆದರೆ ಅದೊಂದು ಆಸ್ತಿ. ಘಟ್ಟದಲ್ಲಿ ಒಂದು ಬೆಟ್ಟದ ಮಳೆ ಪಕ್ಕದ ಬೆಟ್ಟದಲ್ಲಿರುವುದಿಲ್ಲವಾದುದರಿಂದ ಇಂಥ ಚಿಕ್ಕ ಲೆಕ್ಕಗಳಿಗೂ ಬೆಲೆಯುಂಟು. ಪುಣೆಯ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ತರುಣರು ಮಳೆಗಾಲಕ್ಕೆ ಮುನ್ನ ತಮ್ಮ ಬಡಾವಣೆಯ ಹಳ್ಳ, ಮೋರಿ, ಗೋಡೆಗಳನ್ನು ಕಂಡು ಗುರುತುಮಾಡಿ, ತಮ್ಮ ಅಧ್ಯಾಪಕರ ಸಲಹೆಯೊಡನೆ ನಗರ ಪರಿಷತ್ತಿಗೆ ಒಪ್ಪಿಸಬಹುದು. ಸಂಘವು ವರ್ಷಕ್ಕೊಮ್ಮೆ, ಜೂನ್ ಹುಟ್ಟುವ ಮೊದಲು, ಪುಣೆಯ ಹವಾಮಾನ ವಿಜ್ಞಾನಿಯೊಬ್ಬರನ್ನು ಕರೆಸಿ ಉಪನ್ಯಾಸವಿಡಬಹುದು. ಎಚ್ಚರಿಕೆ ಬಂದ ದಿನ ಕನ್ನಡ ಕೂಲಿಕಾರರ ಬೀಡುಗಳಿಗೆ ಸುದ್ದಿ ಮುಟ್ಟಿಸುವ ನಾಲ್ಕು ಜನರನ್ನು ಗೊತ್ತುಮಾಡಬಹುದು.

ವಿಶ್ವವಿದ್ಯಾನಿಲಯವೆಂದರೆ ಎತ್ತರದ ಕಟ್ಟಡ, ನಗರಸಭೆಯೆಂದರೆ ತೆರಿಗೆಯ ಚೀಟಿ ಎಂದು ತಿಳಿದು ದೂರ ನಿಂತರೆ ಇವೆರಡೂ ಕೂಡುವುದಿಲ್ಲ. ಕೂಡಿಸುವವರು ನಡುವೆ ನಿಲ್ಲುವ ನಾಗರಿಕರು. ಮುದ್ದೇನಹಳ್ಳಿಯ ಹುಡುಗ ಪುಣೆಗೆ ಬಂದಾಗ ಅವನ ಕೈಯಲ್ಲಿ ಇದ್ದುದು ಒಂದು ವಿದ್ಯಾರ್ಥಿವೇತನ ಮಾತ್ರ. ಅವನು ಕಲಿತದ್ದನ್ನು ತಾನು ನಿಂತ ಊರಿನ ಹೊಳೆಗೆ ಒಪ್ಪಿಸಿದ. ಹೋದ ಊರಿನ ಹೊಳೆಗೂ ಒಪ್ಪಿಸಿದ. ಕೊನೆಗೆ ಹುಟ್ಟಿದ ನಾಡಿಗೂ ತಂದುಕೊಟ್ಟ. ತಾನು ಇರುವ ಊರು ತನ್ನದಲ್ಲವೆಂದು ಅವನು ಎಂದೂ ತಿಳಿಯಲಿಲ್ಲ. ನಾವೂ ಅಷ್ಟೇ. ನಮ್ಮ ನುಡಿ ಕಾವೇರಿಯ, ಕೃಷ್ಣೆಯ, ಮಲಪ್ರಭೆಯ ತೀರದ್ದಾದರೂ ನಾವು ದಿನವೂ ಕುಡಿಯುವ ನೀರು ಈ ಘಟ್ಟದ್ದು. ಇಂದ್ರಾಯಣಿಯೂ ಭೀಮೆಯನ್ನು ಸೇರಿ, ಭೀಮೆ ಕೃಷ್ಣೆಯನ್ನು ಸೇರಿ, ಕೊನೆಗೆ ಕನ್ನಡ ನಾಡಿಗೇ ಹರಿದುಬರುತ್ತಾಳೆ. ಅವಳ ಲೆಕ್ಕವನ್ನು ಇಲ್ಲಿ ಸರಿಯಾಗಿಟ್ಟರೆ ಅಲ್ಲಿಯ ದಂಡೆಯ ಊರುಗಳಿಗೂ ಅದರಿಂದ ಒಳಿತುಂಟು. ಈ ರಾಜ್ಯೋತ್ಸವದಂದು ದೀಪ ಹಚ್ಚುವಾಗ ಅದನ್ನು ನೆನೆಯೋಣ; ಬರುವ ಜೂನ್ ತಿಂಗಳಿಗೆ ಮುನ್ನ ಮಳೆಮಾಪಕವನ್ನು ಅಂಗಳದಲ್ಲಿಡೋಣ.